ಪ್ರೋಗ್ರಾಮ್ ಓಡ್ತಾ ಇದೆ, ಕೆಲಸ ಮಾತ್ರ ನಿಂತಿದೆ: ಯಾಕೆ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಹೊಳಲ್ಕೆರೆ ಕಡೆ ನಮ್ಮ ಅಡಿಕೆ ತೋಟ ಇದೆ. ಅಲ್ಲಿನ ಮೋಟಾರ್ ಮನೆಯಲ್ಲಿ ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟು, ಜಾವಾದಲ್ಲಿ ಒಂದು ಪ್ರೋಗ್ರಾಮ್ ಬರೆದಿದ್ದೇನೆ. ಅದು 30 ಸೆಕೆಂಡಿಗೊಮ್ಮೆ ಮೀಟರ್ ಓದಿ ಸರ್ವರಿಗೆ ಕಳಿಸಬೇಕು. ತ್ರೀ ಫೇಸ್ ಕರೆಂಟ್ ಬಂದು 5 ನಿಮಿಷ ಆದ ಮೇಲೆ ಬೋರಿನ ಮೋಟಾರ್ ಆನ್ ಮಾಡಬೇಕು. ಬೆಳಿಗ್ಗೆ 6ಕ್ಕೆ, ಹಿಂದಿನ ದಿನ ಎಷ್ಟು ಹೊತ್ತು ನೀರು ಹರಿಯಿತು ಅಂತ ಅಪ್ಪನ ಫೋನಿಗೆ ಮೆಸೇಜ್ ಹೋಗಬೇಕು. ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ಜಾವಾದ ಸ್ಕೆಡ್ಯೂಲ್ಡ್ ಎಕ್ಸಿಕ್ಯೂಟರ್ ಬಳಸಿದ್ದೇನೆ, ಒಂದೇ ಥ್ರೆಡ್ (ಒಂದು ಹೊತ್ತಿಗೆ ಒಂದೇ ಕೆಲಸ ಓಡಿಸುವ ಸಾಲು). ಎರಡು ಮೂರು ದಿನ ಚೆನ್ನಾಗಿ ನಡೆದು, ಆಮೇಲೆ ಮೀಟರ್ ಓದುವುದು ನಿಂತುಹೋಗುತ್ತದೆ. ಪ್ರೋಗ್ರಾಮ್ ಓಡುತ್ತಲೇ ಇರುತ್ತದೆ, ಲಾಗ್‌ನಲ್ಲಿ ಒಂದೂ ಎರರ್ ಇಲ್ಲ. ರಾತ್ರಿ ಕರೆಂಟ್ ಹೋಗಿದ್ದ ದಿನ 6ರ ಮೆಸೇಜ್ 10ಕ್ಕೆ ಬಂದದ್ದೂ ಇದೆ. ಒಂದು ಸಲ ಪ್ರೋಗ್ರಾಮ್ ನಿಲ್ಲಿಸಲು ಶಟ್‌ಡೌನ್ ಕರೆದ ಮೇಲೂ ಮೋಟಾರ್ ಆನ್ ಆಯಿತು, ಅಪ್ಪ ಗಾಬರಿಯಾದರು. ಗೆಳೆಯ, ವೇಳಾಪಟ್ಟಿ ನೋಡಿಕೊಳ್ಳುವ ಕ್ವಾರ್ಟ್ಜ್ ಲೈಬ್ರರಿ ಹಾಕು ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಕ್ವಾರ್ಟ್ಜ್ ವಿಚಾರ ಆಮೇಲೆ ನೋಡೋಣ. ನೀವು ಹೇಳಿದ ಮೂರೂ ತೊಂದರೆಗೆ ಕಾರಣ ಬೇರೆ ಬೇರೆ. ಮೂರರಲ್ಲೂ ಜಾವಾ ತನ್ನ ನಿಯಮದಂತೆಯೇ ನಡೆದಿದೆ, ಅದೇ ಕಿರಿಕಿರಿ.

ಮೀಟರ್ ಓದುವುದು ಸದ್ದಿಲ್ಲದೆ ನಿಲ್ಲುವುದನ್ನು ಮೊದಲು ನೋಡೋಣ. ಮತ್ತೆ ಮತ್ತೆ ನಡೆಯುವ ಕೆಲಸವನ್ನು ಎಕ್ಸಿಕ್ಯೂಟರಿಗೆ ಕೊಟ್ಟಾಗ ಒಂದು ಷರತ್ತು ಜೊತೆಗೇ ಬರುತ್ತದೆ. ಯಾವುದಾದರೂ ಒಂದು ಸುತ್ತಿನಲ್ಲಿ ಎಕ್ಸೆಪ್ಷನ್ (ಓಡುವಾಗ ತಪ್ಪಾದರೆ ಜಾವಾ ಎಸೆಯುವ ಸೂಚನೆ) ನಿಮ್ಮ ಕೋಡ್ ದಾಟಿ ಹೊರಗೆ ಬಂದರೆ, ಆ ಕೆಲಸದ ಮುಂದಿನ ಸುತ್ತುಗಳೆಲ್ಲ ರದ್ದು. ಜಾವಾ ದಾಖಲೆಯಲ್ಲಿ ಇದನ್ನು ಬರೆದೇ ಇಟ್ಟಿದ್ದಾರೆ, ಆದರೆ ಪೆಟ್ಟು ತಿನ್ನುವವರೆಗೆ ಯಾರೂ ಓದುವುದಿಲ್ಲ. ಥ್ರೆಡ್ ಸಾಯುವುದಿಲ್ಲ, ಹಾಗಾಗಿ ಪ್ರೋಗ್ರಾಮ್ ಜೀವಂತ ಕಾಣುತ್ತದೆ. ಎಕ್ಸೆಪ್ಷನ್ ಎಲ್ಲಿ ಹೋಯಿತು? ಕೆಲಸ ಕೊಟ್ಟಾಗ ನಿಮ್ಮ ಕೈಗೆ ಒಂದು ಸ್ಕೆಡ್ಯೂಲ್ಡ್ ಫ್ಯೂಚರ್, ಅಂದರೆ ಆ ಕೆಲಸದ ಚೀಟಿ, ಬಂದಿತ್ತಲ್ಲ, ಅದರೊಳಗೆ ಕೂತಿದೆ. ಅದರ ಮೇಲೆ ಗೆಟ್ ಕರೆದರೆ ಮಾತ್ರ ಹೊರಗೆ ಬರುತ್ತದೆ. ನೀವು ಅದನ್ನು ಯಾವ ವೇರಿಯಬಲ್‌ನಲ್ಲೂ ಇಟ್ಟುಕೊಂಡಿಲ್ಲ ಅಂತ ಕಾಣುತ್ತದೆ. ಬಹಳ ಜನ ಇಟ್ಟುಕೊಳ್ಳುವುದಿಲ್ಲ.

ನಿಮ್ಮಲ್ಲಿ ಏನಾಗಿರಬಹುದು ಅಂದರೆ, ಕರೆಂಟ್ ಏರುಪೇರಾದಾಗ ಮೀಟರ್ ಅರ್ಧ ಸಾಲು ಕಳಿಸಿದೆ. ಅದನ್ನು ಸಂಖ್ಯೆ ಮಾಡಲು ಹೋದ ಕೋಡ್ ನಂಬರ್ ಫಾರ್ಮ್ಯಾಟ್ ಎಕ್ಸೆಪ್ಷನ್ ಎಸೆದಿದೆ. ಅಷ್ಟಕ್ಕೇ ಕಥೆ ಮುಗಿಯಿತು. ಎರಡು ಮೂರು ದಿನಕ್ಕೊಮ್ಮೆ ಬರುವ ಒಂದು ಕೆಟ್ಟ ಸಾಲು ಸಾಕು.

ಇದಕ್ಕೆ ಮದ್ದು ಸುಲಭ. ಕೆಲಸದ ಮೈಯನ್ನು ಪೂರ್ತಿ, ಎಕ್ಸೆಪ್ಷನ್ ಹಿಡಿಯುವ ಒಂದು ಟ್ರೈ-ಕ್ಯಾಚ್‌ನಲ್ಲಿ ಸುತ್ತಿ. ಹೊರಗಿನ ಈ ಪದರದಲ್ಲಿ ಎಕ್ಸೆಪ್ಷನ್ ಬದಲು, ಎರರ್ ಜಾತಿಯವೂ ಸೇರುವ ಥ್ರೋಯಬಲ್ ಹಿಡಿಯಿರಿ ಅನ್ನುತ್ತೇನೆ ನಾನು. ಮೆಮೊರಿ ಸಾಲದೆ ಬರುವಂಥ ಎರರ್‌ಗಳನ್ನು ಹಿಡಿಯಬಾರದು ಅನ್ನುವ ವಾದ ಇದೆ, ಅದು ಸರಿಯಾದ ವಾದವೇ. ಆದರೆ ಇಲ್ಲಿ ಹಿಡಿಯದಿದ್ದರೆ ಅದು ಯಾರ ಕಣ್ಣಿಗೂ ಬೀಳದೆ ಫ್ಯೂಚರ್ ಒಳಗೆ ಹೂತುಹೋಗುತ್ತದೆ. ಹಿಡಿದು, ಲಾಗ್‌ಗೆ ಬರೆದು, ಎರರ್ ಜಾತಿಯದಾಗಿದ್ದರೆ ಪ್ರೋಗ್ರಾಮನ್ನೇ ಮುಗಿಸಿ. ಪೈಯ ಲಿನಕ್ಸ್‌ನಲ್ಲಿ ಪ್ರೋಗ್ರಾಮುಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಅದನ್ನು ಮತ್ತೆ ಎಬ್ಬಿಸುವಂತೆ ಸರ್ವಿಸ್ ಫೈಲ್‌ನಲ್ಲಿ ಬರೆದಿಡಿ. ಒಂದು ವಿಷಯ ಮಾತ್ರ ನೆನಪಿಡಿ: ಕ್ಯಾಚ್ ಬರೆದು ಒಳಗೆ ಖಾಲಿ ಬಿಟ್ಟರೆ ಕೆಲಸ ನಿಲ್ಲುವುದಿಲ್ಲ, ಆದರೆ 30 ಸೆಕೆಂಡಿಗೊಮ್ಮೆ ಸೋಲುತ್ತಾ ಇರುವುದು ನಿಮಗೆ ಗೊತ್ತೇ ಆಗುವುದಿಲ್ಲ. ಈಗಿನ ಸ್ಥಿತಿಗಿಂತ ಅದು ಕಡೆ.

ಎಕ್ಸೆಪ್ಷನ್ ಇಲ್ಲದೆಯೂ ಹೀಗೇ ಕಾಣುವ ಇನ್ನೊಂದು ದಾರಿ ಇದೆ. ನೆಟ್‌ವರ್ಕ್ ಕರೆ ಸಿಕ್ಕಿಹಾಕಿಕೊಳ್ಳುವುದು. ಜಾವಾದ ಹಳೇ ಎಚ್‌ಟಿಟಿಪಿ ಯುಆರ್‌ಎಲ್ ಕನೆಕ್ಷನ್‌ನಲ್ಲಿ ಟೈಮ್‌ಔಟ್ ಸೊನ್ನೆ ಅಂತ ಇರುತ್ತದೆ. ಸೊನ್ನೆ ಅಂದರೆ ಎಷ್ಟು ಹೊತ್ತಾದರೂ ಕಾಯುವುದು. 2018ರಲ್ಲಿ ಜಾವಾ 11ರ ಜೊತೆ ಬಂದ ಹೊಸ ಎಚ್‌ಟಿಟಿಪಿ ಕ್ಲೈಂಟ್ ಕೂಡ ನೀವು ಹೇಳದೆ ಟೈಮ್‌ಔಟ್ ಹಾಕಿಕೊಳ್ಳುವುದಿಲ್ಲ. ತೋಟದಲ್ಲಿ ಸಿಗ್ನಲ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಸರ್ವರ್ ಉತ್ತರ ಬರುವ ಮೊದಲೇ ಸಿಗ್ನಲ್ ಹೋದರೆ ಆ ಥ್ರೆಡ್ ಅಲ್ಲೇ ಕೂತುಬಿಡಬಹುದು. ನಿಮ್ಮ ಹತ್ತಿರ ಇರುವುದು ಒಂದೇ ಥ್ರೆಡ್. ಅದು ಕೂತರೆ ಮೀಟರ್ ಓದುವುದು, ಮೋಟಾರ್, ಮೆಸೇಜ್ ಎಲ್ಲವೂ ಅದರ ಹಿಂದೆ ಕ್ಯೂನಲ್ಲಿ ಕಾಯುತ್ತವೆ. ಕನೆಕ್ಟ್ ಮಾಡಲು 5 ಸೆಕೆಂಡ್, ಉತ್ತರಕ್ಕೆ 10 ಸೆಕೆಂಡ್ ಅಂತ ಮಿತಿ ಹಾಕಿ. ಮೀಟರಿನ ಸೀರಿಯಲ್ ಪೋರ್ಟ್ ಓದುವಾಗಲೂ ಅಷ್ಟೇ.

ಎರಡರಲ್ಲಿ ಯಾವುದು ಆಗಿದೆ ಅಂತ ಪತ್ತೆ ಮಾಡುವುದು ಕಷ್ಟವಿಲ್ಲ. ಮುಂದಿನ ಸಲ ನಿಂತಾಗ ಪೈಗೆ ಲಾಗಿನ್ ಆಗಿ ಜೆಸ್ಟ್ಯಾಕ್ ಆದೇಶ ಕೊಡಿ, ಎಲ್ಲ ಥ್ರೆಡ್‌ಗಳೂ ಎಲ್ಲಿ ನಿಂತಿವೆ ಅಂತ ತೋರಿಸುತ್ತದೆ. ಪೂಲ್‌ನ (ಎಕ್ಸಿಕ್ಯೂಟರಿನ ಥ್ರೆಡ್ ಗುಂಪಿನ) ಥ್ರೆಡ್ ಸಾಕೆಟ್, ಅಂದರೆ ನೆಟ್‌ವರ್ಕ್ ಸಂಪರ್ಕ, ಓದುತ್ತಾ ಕೂತಿದ್ದರೆ ಟೈಮ್‌ಔಟ್ ಸಮಸ್ಯೆ. ಮುಂದಿನ ಕೆಲಸಕ್ಕಾಗಿ ಆರಾಮಾಗಿ ಕಾಯುತ್ತಿದ್ದರೆ ಎಕ್ಸೆಪ್ಷನ್ ಸಮಸ್ಯೆ.

ಇನ್ನು 30 ಸೆಕೆಂಡಿನ ವಿಚಾರ. ಕೆಲಸವನ್ನು ಮತ್ತೆ ಮತ್ತೆ ಓಡಿಸಲು ಎಕ್ಸಿಕ್ಯೂಟರಿನಲ್ಲಿ ಎರಡು ವಿಧಾನ ಇವೆ, ಫಿಕ್ಸ್ಡ್ ರೇಟ್ ಮತ್ತು ಫಿಕ್ಸ್ಡ್ ಡಿಲೇ. ನೀವು ಯಾವುದನ್ನು ಬಳಸಿದ್ದೀರಿ ಅಂತ ಬರೆದಿಲ್ಲ, ಹೆಚ್ಚಿನವರು ಮೊದಲು ಹಿಡಿಯುವುದು ಫಿಕ್ಸ್ಡ್ ರೇಟ್. ಅದು ಗಡಿಯಾರದ ಗುರುತುಗಳ ಮೇಲೆ ನಡೆಯುತ್ತದೆ: 0, 30, 60, 90. ಫಿಕ್ಸ್ಡ್ ಡಿಲೇ ಅಂದರೆ ಒಂದು ಸುತ್ತು ಮುಗಿದ ಮೇಲೆ 30 ಸೆಕೆಂಡ್ ಎಣಿಸಿ ಮುಂದಿನ ಸುತ್ತು. ಕೆಲಸ ಬೇಗ ಮುಗಿಯುತ್ತಿದ್ದರೆ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ತಡವಾದಾಗ. ಒಂದು ಸುತ್ತು 10 ನಿಮಿಷ ಸಿಕ್ಕಿಕೊಂಡಿತು ಅನ್ನಿ. ಫಿಕ್ಸ್ಡ್ ರೇಟ್ ಆ ಹೊತ್ತಿನಲ್ಲಿ ತಪ್ಪಿದ ಸುಮಾರು 20 ಸುತ್ತುಗಳನ್ನು ಸಾಲ ತೀರಿಸುವವರ ಹಾಗೆ ಒಂದರ ಹಿಂದೆ ಒಂದು, ನಡುವೆ ಉಸಿರೂ ಬಿಡದೆ ಓಡಿಸುತ್ತದೆ. 10 ನಿಮಿಷದ ಹಿಂದಿನ ವೋಲ್ಟೇಜ್ ಈಗ ಓದಲು ಆಗುವುದಿಲ್ಲವಲ್ಲ. ಆ 20 ಓದಿಗೂ ಒಂದೇ ಉತ್ತರ ಬರುತ್ತದೆ, ಸರ್ವರಿಗೆ ಸುಮ್ನೆ ಹೊರೆ. ಅಳತೆ ತೆಗೆಯುವ ಕೆಲಸಕ್ಕೆ, ಹೊರಗಿನವರನ್ನು ಕೇಳಿ ಕಾಯುವ ಕೆಲಸಕ್ಕೆ ಫಿಕ್ಸ್ಡ್ ಡಿಲೇ ಸಾಕು. ಒಂದೇ ಕೆಲಸದ ಎರಡು ಸುತ್ತು ಒಟ್ಟಿಗೆ ಓಡಬಹುದಾ ಅನ್ನುವ ಭಯ ಕೆಲವರಿಗೆ ಇರುತ್ತದೆ. ಎರಡು ವಿಧಾನದಲ್ಲೂ ಹಾಗೆ ಆಗುವುದಿಲ್ಲ, ಪೂಲ್‌ನಲ್ಲಿ ಎಷ್ಟೇ ಥ್ರೆಡ್ ಇದ್ದರೂ.

ಹಳೇ ಟೈಮರ್ ಕ್ಲಾಸ್ ಬಳಸಿದ ಉದಾಹರಣೆಗಳು ಇನ್ನೂ ಎಲ್ಲ ಕಡೆ ಸಿಗುತ್ತವೆ, ಅತ್ತ ಹೋಗಬೇಡಿ. ಅದು 2000ದ ಜಾವಾ 1.3ರ ಕಾಲದ್ದು. ಅದರಲ್ಲಿ ಒಂದು ಕೆಲಸ ಎಕ್ಸೆಪ್ಷನ್ ಎಸೆದರೆ ಟೈಮರಿನ ಥ್ರೆಡ್ಡೇ ಸತ್ತು, ಉಳಿದ ಕೆಲಸಗಳೂ ಜೊತೆಗೆ ಹೋಗುತ್ತವೆ. 2004ರಲ್ಲಿ ಜಾವಾ 5ರ ಜೊತೆ ಬಂದ ಎಕ್ಸಿಕ್ಯೂಟರ್, ತಪ್ಪು ಮಾಡಿದ ಕೆಲಸವನ್ನು ಮಾತ್ರ ನಿಲ್ಲಿಸುತ್ತದೆ. ಅಷ್ಟು ವಾಸಿ.

ಈಗ 10 ಗಂಟೆಯ ಮೆಸೇಜ್. ಇದು ನನಗೆ ಬಹಳ ಹಿಡಿಸಿದ ತೊಂದರೆ, ಯಾಕಂದರೆ ಕೋಡ್ ಎಷ್ಟು ಸಲ ಓದಿದರೂ ತಪ್ಪು ಸಿಗುವುದಿಲ್ಲ. ನೀವು ಮಾಡಿರುವುದು ಇಷ್ಟೇ ಇರಬೇಕು: ಪ್ರೋಗ್ರಾಮ್ ಶುರುವಾದಾಗ, ಈಗ ಎಷ್ಟು ಗಂಟೆ ಅಂತ ನೋಡಿ, ಮುಂದಿನ 6ಕ್ಕೆ ಎಷ್ಟು ಹೊತ್ತು ಬಾಕಿ ಅಂತ ಲೆಕ್ಕ ಹಾಕಿ, ಅಷ್ಟು ಡಿಲೇ ಕೊಟ್ಟು, ಆಮೇಲೆ 24 ಗಂಟೆಗೊಮ್ಮೆ. ನಮ್ಮಲ್ಲಿ ಬೇಸಿಗೆಗೆ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲ, ಹಾಗಾಗಿ ಲೆಕ್ಕ ಸರಿಯಾಗಿಯೇ ಇದೆ. ತಪ್ಪಿರುವುದು ಪೈ ಹೇಳಿದ ಗಂಟೆ.

ಪೈ 4ರಲ್ಲಿ ಕರೆಂಟ್ ಹೋದಾಗಲೂ ಓಡುವ ಗಡಿಯಾರ ಇಲ್ಲ. 2023ರಲ್ಲಿ ಬಂದ ಪೈ 5ರಲ್ಲಿ ಇದೆ, ಅದಕ್ಕೂ ಬ್ಯಾಟರಿ ನಾವೇ ಸೇರಿಸಬೇಕು. ಗಡಿಯಾರ ಇಲ್ಲದ ಪೈ ಎದ್ದಾಗ, ಕೊನೆಗೆ ಉಳಿಸಿಟ್ಟಿದ್ದ ಹೊತ್ತಿನಿಂದ ಎಣಿಕೆ ಮುಂದುವರಿಸುತ್ತದೆ. ನೆಟ್‌ವರ್ಕ್ ಸಿಕ್ಕ ಮೇಲೆ ಸರಿಯಾದ ಸಮಯ ತಿಳಿದು ತಿದ್ದಿಕೊಳ್ಳುತ್ತದೆ. ರಾತ್ರಿ 1ಕ್ಕೆ ಕರೆಂಟ್ ಹೋಗಿ 5ಕ್ಕೆ ಬಂತು ಅನ್ನಿ. ಪೈ ಎದ್ದಾಗ ಅದರ ಲೆಕ್ಕದಲ್ಲಿ ಇನ್ನೂ ಹೆಚ್ಚುಕಮ್ಮಿ 1 ಗಂಟೆ. 6ಕ್ಕೆ 5 ಗಂಟೆ ಬಾಕಿ ಅಂತ ಪ್ರೋಗ್ರಾಮ್ ಲೆಕ್ಕ ಹಾಕುತ್ತದೆ. ಸ್ವಲ್ಪ ಹೊತ್ತಿಗೆ ಗಡಿಯಾರ 5ಕ್ಕೆ ಜಿಗಿಯುತ್ತದೆ, ಆದರೆ ಎಕ್ಸಿಕ್ಯೂಟರ್ ಗೋಡೆ ಗಡಿಯಾರವನ್ನು ನೋಡುವುದೇ ಇಲ್ಲ. ಅದು ನ್ಯಾನೋಟೈಮ್ ಅನ್ನುವ ಬೇರೆ ಎಣಿಕೆ ಮೇಲೆ ನಡೆಯುತ್ತದೆ, ಯಾರು ಗಡಿಯಾರ ತಿದ್ದಿದರೂ ಆ ಎಣಿಕೆ ಜಿಗಿಯುವುದಿಲ್ಲ. ಹಾಗಾಗಿ 5 ಗಂಟೆ ಪೂರ್ತಿ ಕಾಯುತ್ತದೆ. 5ಕ್ಕೆ 5 ಸೇರಿದರೆ 10. ನಿಮ್ಮ ಅಪ್ಪನಿಗೆ ಮೆಸೇಜ್ ಬಂದದ್ದು ಆಗಲೇ ಅಲ್ವಾ? ಆಮೇಲೆ ದಿನಾ 10ಕ್ಕೇ ಬರುತ್ತದೆ, ಮತ್ತೊಮ್ಮೆ ಪ್ರೋಗ್ರಾಮ್ ಶುರುವಾಗುವ ತನಕ.

ಡಿಎಸ್3231 ಅನ್ನುವ ಪುಟ್ಟ ಗಡಿಯಾರದ ಬೋರ್ಡ್ ಸಿಗುತ್ತದೆ, ಹಾಕಿಸಿ. ಆದರೆ ಅದೊಂದರಿಂದ ಮುಗಿಯಲ್ಲ. 4ಕ್ಕೆ ಹೋದ ಕರೆಂಟ್ 8ಕ್ಕೆ ಬಂದರೆ ಗಡಿಯಾರ ಎಷ್ಟು ಸರಿ ಇದ್ದರೂ 6 ದಾಟಿಹೋಗಿರುತ್ತದೆ, ಆವತ್ತಿನ ಮೆಸೇಜ್ ಹೋಗುವುದೇ ಇಲ್ಲ.

ಇಲ್ಲಿಂದ ಮುಂದಿನದು ನನ್ನ ಉತ್ತರದ ಮುಖ್ಯ ಭಾಗ. "ಇಷ್ಟು ಹೊತ್ತಾದ ಮೇಲೆ ಇದನ್ನು ಮಾಡು" ಅಂತ ಉದ್ದುದ್ದ ಡಿಲೇಗಳನ್ನು ಎಕ್ಸಿಕ್ಯೂಟರ್ ತಲೆಗೆ ಕಟ್ಟಬೇಡಿ. ಅದರ ನೆನಪು ಇರುವುದು ರ‍್ಯಾಮ್‌ನಲ್ಲಿ, ಕರೆಂಟ್ ಹೋದರೆ ಎಲ್ಲವೂ ಹೋಯಿತು. ಅದರ ಬದಲು, ಸಣ್ಣ ಅವಧಿಗೆ ಮತ್ತೆ ಮತ್ತೆ ಎದ್ದು "ಈಗ ಪರಿಸ್ಥಿತಿ ಏನು, ಯಾವ ಕೆಲಸ ಬಾಕಿ ಇದೆ" ಅಂತ ಕೇಳುವ ಒಂದೇ ಒಂದು ಕೆಲಸ ಇಡಿ. ಮೆಸೇಜ್ ವಿಚಾರಕ್ಕೆ ಹೀಗೆ: ನಿಮಿಷಕ್ಕೊಮ್ಮೆ ಎದ್ದು ನೋಡಬೇಕು. ಗಂಟೆ 6 ದಾಟಿದೆಯಾ? ಕೊನೆಯ ಮೆಸೇಜ್ ಕಳಿಸಿದ ತಾರೀಖು ಇವತ್ತಿಗಿಂತ ಹಿಂದಿನದಾ? ಎರಡಕ್ಕೂ ಹೌದು ಅಂದರೆ ಕಳಿಸು, ಕಳಿಸಿದ ಮೇಲೆ ಇವತ್ತಿನ ತಾರೀಖನ್ನು ಫೈಲ್‌ನಲ್ಲಿ ಬರೆದಿಡು. ಈಗ ಪೈ 8ಕ್ಕೆ ಎದ್ದರೂ ಮೆಸೇಜ್ 8:01ಕ್ಕೆ ಹೋಗುತ್ತದೆ. ಗಡಿಯಾರ ತಪ್ಪಾಗಿ ಎದ್ದು ಆಮೇಲೆ ಸರಿಯಾದರೆ, ಮುಂದಿನ ನಿಮಿಷಕ್ಕೆ ಪ್ರೋಗ್ರಾಮ್ ಕೂಡ ಸರಿಯಾಗುತ್ತದೆ. ದಿನಕ್ಕೆ 1,440 ಸಲ ಏಳುವುದು ದಂಡ ಅನ್ನಿಸಬಹುದು. ಎರಡು ಹೋಲಿಕೆ ಮಾಡಿ ಮಲಗುವುದಕ್ಕೆ ಪೈಗೆ ಏನೂ ಖರ್ಚಿಲ್ಲ.

ತಾರೀಖು ಬರೆಯುವಾಗ ನೇರವಾಗಿ ಅದೇ ಫೈಲ್ ಮೇಲೆ ಬರೆಯಬೇಡಿ. ಅರ್ಧ ಬರೆದಾಗ ಕರೆಂಟ್ ಹೋದರೆ ಖಾಲಿ ಫೈಲ್ ಉಳಿಯುತ್ತದೆ. ಪಕ್ಕದಲ್ಲಿ ಇನ್ನೊಂದು ಫೈಲ್‌ಗೆ ಪೂರ್ತಿ ಬರೆದು ಡಿಸ್ಕ್‌ಗೆ ತಳ್ಳಿ, ಆಮೇಲೆ ಹೆಸರು ಬದಲಿಸಿ. ಜಾವಾದ ಫೈಲ್ಸ್ ಮೂವ್‌ನಲ್ಲಿ ಇದಕ್ಕೆಂದೇ ಅಟಾಮಿಕ್ ಮೂವ್ ಅನ್ನುವ ಆಯ್ಕೆ ಇದೆ. ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್ ಬಳಸಿದರೆ ಈ ಚಿಂತೆಯನ್ನು ಅದೇ ನೋಡಿಕೊಳ್ಳುತ್ತದೆ. ಹಾಗಂತ 30 ಸೆಕೆಂಡಿಗೊಮ್ಮೆ ಎಸ್‌ಡಿ ಕಾರ್ಡ್ ಮೇಲೆ ಬರೆಯಬೇಡಿ, ಕಾರ್ಡ್ ಬೇಗ ಸವೆಯುತ್ತದೆ. ಮೋಟಾರ್ ಓಡಿದ ನಿಮಿಷಗಳ ಮೊತ್ತವನ್ನು 10 ನಿಮಿಷಕ್ಕೊಮ್ಮೆ ಬರೆದರೆ ಸಾಕು. ಕರೆಂಟ್ ಹೋದರೆ ಹೆಚ್ಚೆಂದರೆ 10 ನಿಮಿಷದ ಲೆಕ್ಕ ತಪ್ಪುತ್ತದೆ, ಅಪ್ಪ ಅದಕ್ಕೆ ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ.

ಮೋಟಾರಿನದು ಇದೇ ದಾರಿ, ಆದರೆ ಎಚ್ಚರ ಜಾಸ್ತಿ ಬೇಕು. ಶಟ್‌ಡೌನ್ ಕರೆದ ಮೇಲೂ ಮೋಟಾರ್ ಆನ್ ಆಗಿದ್ದು ಯಾಕೆ ಗೊತ್ತಾ? ಶಟ್‌ಡೌನ್ ಅಂದರೆ ಹೊಸ ಕೆಲಸ ತಗೋಬೇಡ ಅಂತ ಮಾತ್ರ. ಮತ್ತೆ ಮತ್ತೆ ನಡೆಯುವ ಕೆಲಸಗಳು ಅಲ್ಲಿಗೆ ರದ್ದಾಗುತ್ತವೆ. ಆದರೆ ಒಂದು ಸಲ ಡಿಲೇ ಕೊಟ್ಟು ಕಾಯಿಸಿಟ್ಟ ಕೆಲಸವನ್ನು ಅದು ಮುಗಿಸಿಯೇ ಹೋಗುತ್ತದೆ. ಬೇರೆ ಹೇಳದಿದ್ದರೆ ಅದೇ ನಿಯಮ. ಕರೆಂಟ್ ಬಂದು 2 ನಿಮಿಷಕ್ಕೆ ನೀವು ನಿಲ್ಲಿಸಿದ್ದೀರಿ. ಪ್ರೋಗ್ರಾಮ್ ಇನ್ನೂ 3 ನಿಮಿಷ ಕಾದು, ಮೋಟಾರ್ ಆನ್ ಮಾಡಿ, ತಾನು ಮುಗಿದಿದೆ. ಮೀಟರ್ ಓದುವ ಕೆಲಸ ಅಷ್ಟರಲ್ಲಿ ರದ್ದಾಗಿತ್ತು, ಅಂದರೆ ಮೋಟಾರನ್ನು ನೋಡಿಕೊಳ್ಳುವವರೇ ಇಲ್ಲ. ಎಕ್ಸಿಕ್ಯೂಟರಿಗೆ ಈ ನಿಯಮ ಬದಲಿಸುವ ಒಂದು ಪಾಲಿಸಿ ಇದೆ, ಅದನ್ನು ಫಾಲ್ಸ್ ಮಾಡಿದರೆ ಕಾಯುತ್ತಿರುವ ಕೆಲಸವೂ ರದ್ದು. ಶಟ್‌ಡೌನ್ ನೌ ಕರೆದರೂ ಅವು ಹೋಗುತ್ತವೆ, ಜೊತೆಗೆ ನಡೆಯುತ್ತಿರುವ ಕೆಲಸಕ್ಕೆ ಇಂಟರಪ್ಟ್ (ನಿಲ್ಲು ಅನ್ನುವ ಸೂಚನೆ) ಕೂಡ ಹೋಗುತ್ತದೆ.

ಇನ್ನೊಂದು ಅಪಾಯ ಇನ್ನೂ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ನಮ್ಮ ಕಡೆ ತ್ರೀ ಫೇಸ್ ಬರುವಾಗ ಒಂದೇ ಸಲಕ್ಕೆ ನೆಟ್ಟಗೆ ಬರುತ್ತದಾ? ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಪ್ರತಿ ಸಲ ಬಂದಾಗಲೂ ನೀವು 5 ನಿಮಿಷದ ಕೆಲಸ ಒಂದನ್ನು ಹಾಕಿದರೆ, ಮೂರು ಸಲಕ್ಕೆ ಮೂರು ಕೆಲಸ ಕ್ಯೂನಲ್ಲಿ ಇರುತ್ತವೆ. ಮೊದಲನೆಯದು ಓಡುವಾಗ, ಕೊನೆಯ ಸಲ ಕರೆಂಟ್ ಬಂದು ಒಂದು ನಿಮಿಷವೂ ಆಗಿರುವುದಿಲ್ಲ. ಫ್ಯೂಚರ್ ಇಟ್ಟುಕೊಂಡು, ಹೊಸದು ಹಾಕುವ ಮೊದಲು ಹಳೆಯದನ್ನು ಕ್ಯಾನ್ಸಲ್ ಮಾಡಬಹುದು. ಆದರೆ ಕ್ಯಾನ್ಸಲ್ ಮಾಡುವ ಗಳಿಗೆಯಲ್ಲೇ ಅದು ಓಡಲು ಶುರುಮಾಡಿದ್ದರೆ? ಅದಕ್ಕೊಂದು ಲಾಕ್, ಲಾಕ್‌ಗೊಂದು ಪರೀಕ್ಷೆ. ಈ ದಾರಿಯೇ ಬೇಡ.

ಡಿಲೇ ಕೆಲಸವನ್ನೇ ಕಿತ್ತುಹಾಕಿ. "ಕರೆಂಟ್ ಯಾವಾಗಿನಿಂದ ನೆಟ್ಟಗಿದೆ" ಅನ್ನುವ ಒಂದು ವೇರಿಯಬಲ್ ಇಡಿ. 10 ಸೆಕೆಂಡಿಗೊಮ್ಮೆ ಎದ್ದು ನೋಡುವ ಕೆಲಸ, ಮೂರೂ ಫೇಸಿನ ವೋಲ್ಟೇಜ್ ಮಿತಿಯೊಳಗೆ ಇದ್ದರೆ ಅದನ್ನು ಹಾಗೇ ಬಿಡುತ್ತದೆ, ಇಲ್ಲದಿದ್ದರೆ ಅಳಿಸಿ ಹೊಸದಾಗಿ ಶುರು ಮಾಡುತ್ತದೆ. ಆಗಿನಿಂದ ಈಗಿನವರೆಗೆ 5 ನಿಮಿಷ ದಾಟಿದ್ದರೆ ಮೋಟಾರ್ ಆನ್. ಕರೆಂಟ್ ಎಷ್ಟು ಸಲ ಹೋಗಿ ಬಂದರೂ ಲೆಕ್ಕ ತಪ್ಪುವುದಿಲ್ಲ, ಕ್ಯಾನ್ಸಲ್ ಅನ್ನುವ ಮಾತೇ ಇಲ್ಲ. ಈ ಅವಧಿಯನ್ನು ಮಾತ್ರ ನ್ಯಾನೋಟೈಮ್‌ನಲ್ಲೇ ಅಳೆಯಿರಿ, ಗಡಿಯಾರ ಜಿಗಿದು 5 ನಿಮಿಷ ಆಯಿತು ಅಂತ ಭ್ರಮೆ ಆಗಬಾರದು. ಇದನ್ನು ಫೈಲ್‌ನಲ್ಲಿ ಉಳಿಸುವುದೂ ಬೇಡ. ಪೈ ಮತ್ತೆ ಎದ್ದರೆ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಮೋಟಾರಿಗೆ ಅದೇ ಕ್ಷೇಮ.

5 ನಿಮಿಷಕ್ಕೆ ಸರಿಯಾಗಿ ಅನ್ನುವುದನ್ನೂ ಸ್ವಲ್ಪ ಸಡಿಲ ಮಾಡಿ. ಒಂದೇ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಇರುವ ತೋಟಗಳಲ್ಲಿ ಎಲ್ಲರದೂ ಆಟೋ ಸ್ಟಾರ್ಟರ್. ಎಲ್ಲರೂ ಒಂದೇ ಹೊತ್ತಿಗೆ ಮೋಟಾರ್ ಎತ್ತಿದರೆ ವೋಲ್ಟೇಜ್ ಕುಸಿಯುತ್ತದೆ. ಪ್ರತಿ ಸಲವೂ 5 ನಿಮಿಷಕ್ಕೆ 0ಯಿಂದ 120 ಸೆಕೆಂಡಿನೊಳಗಿನ ಯಾವುದೋ ಒಂದು ಸಂಖ್ಯೆ ಸೇರಿಸಿ. ಸಾವಿರಾರು ಕಂಪ್ಯೂಟರುಗಳು ಒಂದೇ ಸರ್ವರಿನ ಮೇಲೆ ಒಟ್ಟಿಗೆ ಬೀಳದಿರಲಿ ಅಂತ ಸಾಫ್ಟ್‌ವೇರಿನವರೂ ಇದನ್ನೇ ಮಾಡುತ್ತಾರೆ, ಜಿಟರ್ ಅಂತಾರೆ.

ಥ್ರೆಡ್ ಎಷ್ಟು ಬೇಕು? ನಿಮಗೆ ಮೂರು. ಮೀಟರ್ ಓದಲು ಒಂದು, ಸರ್ವರಿಗೆ ಕಳಿಸಲು ಒಂದು, ಮೋಟಾರ್ ನಿರ್ಧಾರಕ್ಕೆ ಒಂದು. ಒಂದೇ ಪೂಲ್‌ನಲ್ಲಿ ಮೂರು ಇಡುವುದಕ್ಕಿಂತ ಒಂದೊಂದು ಥ್ರೆಡ್ಡಿನ ಮೂರು ಎಕ್ಸಿಕ್ಯೂಟರ್ ಇಡಿ. ಆಗ ಸರ್ವರ್ ಕೆಲಸ ಏನೇ ಸಿಕ್ಕಿಕೊಂಡರೂ ಮೋಟಾರಿನ ಥ್ರೆಡ್ಡನ್ನು ಅದು ಮುಟ್ಟುವುದಿಲ್ಲ. ಮೀಟರಿನ ಥ್ರೆಡ್ ಕೊನೆಯ ಓದನ್ನೂ ಅದನ್ನು ಓದಿದ ಹೊತ್ತನ್ನೂ ಒಟ್ಟಿಗೆ ಒಂದು ಕಡೆ ಇಡಲಿ. ನಿರ್ಧಾರದ ಥ್ರೆಡ್ ಆ ಓದು ಎಷ್ಟು ಹಳೆಯದು ಅಂತ ಮೊದಲು ನೋಡಲಿ. 2 ನಿಮಿಷಕ್ಕಿಂತ ಹಳೆಯದಾದರೆ ಮೋಟಾರ್ ಆಫ್, ಅಪ್ಪನಿಗೆ ಮೆಸೇಜ್. ಬೇಸಿಗೆಯಲ್ಲಿ ಒಂದು ಪಾಳಿ ನೀರು ತಪ್ಪಿದರೆ ಬೈಸಿಕೊಳ್ಳುತ್ತೀರಿ, ನಿಜ. ಮೋಟಾರ್ ಸುಟ್ಟು, ಬೋರಿನಿಂದ ಎತ್ತಿಸಿ, ರಿವೈಂಡಿಂಗ್ ಮಾಡಿಸಿ ಮತ್ತೆ ಇಳಿಸುವಷ್ಟರಲ್ಲಿ ತಪ್ಪುವ ಪಾಳಿಗಳು ಎಷ್ಟು?

ಇದೇ ಮಾತಿನ ಮುಂದುವರಿಕೆ: ಸಿಂಗಲ್ ಫೇಸ್ ಪ್ರಿವೆಂಟರ್, ಡ್ರೈ ರನ್ ರಕ್ಷಣೆ, ಓವರ್‌ಲೋಡ್ ರಿಲೇ ಎಲ್ಲವೂ ಸ್ಟಾರ್ಟರ್ ಪೆಟ್ಟಿಗೆಯಲ್ಲೇ ಇರಲಿ. ನಿಮ್ಮ ಪ್ರೋಗ್ರಾಮ್ ಅವುಗಳ ಜಾಗ ತುಂಬಬಾರದು. ಜಾವಾದ ಟೈಮಿಂಗ್ ಸೆಕೆಂಡುಗಳ ಮಟ್ಟಿಗೆ ಸಾಕಷ್ಟು ನಂಬಬಹುದು, ಒಂದು ಫೇಸ್ ಹೋದಾಗ ಮೋಟಾರ್ ಉಳಿಸಲು ಅದನ್ನು ನಂಬಬೇಡಿ.

ಸರ್ವರಿಗೆ ಕಳಿಸುವುದು ಸೋತಾಗ 30 ಸೆಕೆಂಡಿಗೊಮ್ಮೆ ಹಟ ಹಿಡಿಯುವುದು ಬೇಡ. 1 ನಿಮಿಷ, 2, 4, 8, ಕೊನೆಗೆ 15 ನಿಮಿಷಕ್ಕೆ ನಿಲ್ಲಲಿ. ಹೀಗೆ ಅವಧಿ ಬದಲಾಗುವ ಕೆಲಸಕ್ಕೆ ಫಿಕ್ಸ್ಡ್ ರೇಟೂ ಆಗುವುದಿಲ್ಲ, ಫಿಕ್ಸ್ಡ್ ಡಿಲೇಯೂ ಆಗುವುದಿಲ್ಲ. ಒಂದು ಸಲದ ಡಿಲೇ ಕೆಲಸವನ್ನೇ ಬಳಸಿ, ಅದು ತನ್ನ ಕೊನೆಯಲ್ಲಿ, ಫೈನಲಿ ಭಾಗದಲ್ಲಿ, ಮುಂದಿನ ಸುತ್ತನ್ನು ತಾನೇ ಹಾಕಿಕೊಳ್ಳಲಿ. ಕಳಿಸದೆ ಉಳಿದ ಓದುಗಳ ಪಟ್ಟಿಗೆ ಒಂದು ಮಿತಿ ಇಡಿ, ತುಂಬಿದರೆ ಹಳೆಯದನ್ನು ಬಿಸಾಡಿ.

ಇನ್ನು ಕ್ವಾರ್ಟ್ಜ್. ಅದು ಒಳ್ಳೆಯ ಲೈಬ್ರರಿ, ಕೆಲಸಗಳ ಪಟ್ಟಿಯನ್ನು ಡೇಟಾಬೇಸಿನಲ್ಲಿ ಇಡಬಲ್ಲದು, ತಪ್ಪಿದ ಸುತ್ತಿಗೆ ಏನು ಮಾಡಬೇಕು ಅಂತ ನಿಯಮ ಹೇಳಬಹುದು, ಹಲವು ಸರ್ವರ್‌ಗಳು ಕೆಲಸ ಹಂಚಿಕೊಳ್ಳಬಹುದು. ನೂರಾರು ಕೆಲಸ, ಬಳಕೆದಾರರೇ ಬದಲಿಸುವ ವೇಳಾಪಟ್ಟಿ ಇದ್ದರೆ ಖಂಡಿತ ನೋಡಿ. ಒಂದು ಪೈ, ಒಂದು ಮೋಟಾರ್, ದಿನಕ್ಕೊಂದು ಮೆಸೇಜ್‌ಗೆ ಅದು ಬೇಡ. ಮೆಸೇಜನ್ನು ಜಾವಾದಿಂದ ಹೊರಗೇ ಇಡುವ ಮನಸ್ಸಿದ್ದರೆ ಸಿಸ್ಟಮ್‌ಡಿ ಟೈಮರ್ ಇದೆ, ಅದರಲ್ಲಿ ಪರ್ಸಿಸ್ಟೆಂಟ್ ಅಂತ ಬರೆದರೆ ಯಂತ್ರ ಮಲಗಿದ್ದಾಗ ತಪ್ಪಿದ ಸುತ್ತನ್ನು ಎದ್ದ ಮೇಲೆ ನಡೆಸುತ್ತದೆ. ಲಿನಕ್ಸ್‌ನ ಹಳೇ ವೇಳಾಪಟ್ಟಿ ಸಾಧನವಾದ ಸಾದಾ ಕ್ರಾನ್ ಹಾಗೆ ಮಾಡುವುದಿಲ್ಲ.

ಬದಲಾವಣೆ ಮಾಡಿದ ಮೇಲೆ ನೇರವಾಗಿ ಮೋಟಾರಿಗೆ ಜೋಡಿಸಬೇಡಿ. ಪೈಯನ್ನು ದಾವಣಗೆರೆಯ ನಿಮ್ಮ ರೂಮಿಗೇ ತನ್ನಿ, ರಿಲೇಗೆ ಒಂದು ಬಲ್ಬ್ ಕಟ್ಟಿ. ಮೀಟರಿನ ಬದಲು ಸುಳ್ಳು ಓದು ಕೊಡುವ ಒಂದು ಕ್ಲಾಸ್ ಬರೆಯಿರಿ: ಆಗಾಗ ಅರ್ಧ ಸಾಲು, ಆಗಾಗ ಉತ್ತರವೇ ಇಲ್ಲ, ಆಗಾಗ ವೋಲ್ಟೇಜ್ ಹೋಗಿ ಬರುವುದು. ಗಂಟೆಯನ್ನು ನೇರವಾಗಿ ಸಿಸ್ಟಮ್‌ನಿಂದ ಕೇಳದೆ, ಜಾವಾ 8ರಿಂದ ಇರುವ ಕ್ಲಾಕ್ ವಸ್ತುವಿನ ಮೂಲಕ ಕೇಳಿದರೆ ಬೆಳಗಿನ 6ಕ್ಕೆ ಕಾಯದೆ ಆ ಭಾಗವನ್ನೂ ಪರೀಕ್ಷಿಸಬಹುದು. ನಡುನಡುವೆ ವೈಫೈ ಆಫ್ ಮಾಡಿ, ಪೈಯ ಪ್ಲಗ್ ಎಳೆಯಿರಿ, ಶಟ್‌ಡೌನ್ ಕರೆಯಿರಿ. ಬಲ್ಬ್ ಹತ್ತಬಾರದ ಹೊತ್ತಿನಲ್ಲಿ ಒಂದು ಸಲ ಹತ್ತಿದರೂ ಲಾಗ್ ತೆಗೆದು ಕಾರಣ ಹುಡುಕಿ, ಆಮೇಲೆ ತೋಟಕ್ಕೆ ಒಯ್ಯಿರಿ.